ಮೂಲೆಯಿಲ್ಲದ ಗೋಡೆ

ರೊಟ್ಟಿಯ ಅಂಚು ಮತ್ತೆ ಬಿರಿಯಿತು, ಜೋಳದ ಹಿಟ್ಟಿಗೆ ಬಿಸಿನೀರು ಸಾಕಾಗಿಲ್ಲ, ಒದ್ದೆ ಬೆರಳಿನಿಂದ ಸೀಳನ್ನು ಒತ್ತುತ್ತೇನೆ, ರೊಟ್ಟಿ ತಿರುಗುತ್ತದೆ, ಅಂಗೈ ಕೆಳಗೆ ಅಂಚು ಸರಿಯುತ್ತ ಹೋಗುತ್ತದೆ, ಎಲ್ಲೂ ಮೂಲೆ ಇಲ್ಲ — ಆ ಗೋಪುರದ ಗೋಡೆಯ ಹಾಗೆ, ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಗ ಮೇಡಂ ಕಿಟಕಿಗೆ ಪರದೆ ಎಳೆದು ಸ್ಲೈಡಿನಲ್ಲಿ ತೋರಿಸಿದ್ದು, ಜರ್ಮನಿಯ ಪಾಟ್ಸ್‌ಡ್ಯಾಮಿನ ಬಿಳಿ ಗೋಪುರ, ಒಳಗೆ ಇಟ್ಟಿಗೆ, ಮೇಲೆ ಗಾರೆ, ಆದರೂ ಯಾರೋ ಹಸಿ ಮಣ್ಣನ್ನು ಅಂಗೈಯಲ್ಲಿ ಸವರಿ ನಿಲ್ಲಿಸಿದ ಹಾಗೆ, ಮನಸ್ಸಿನೊಳಗಿದ್ದುದನ್ನೇ ಕಟ್ಟಿದವರು ಅಂದರು ಮೇಡಂ, ಮರುದಿನ ಅದೇ ಕಾಲದ ವಾಸ್ತುಶಿಲ್ಪಿಗಳ ಇನ್ನೊಂದು ಗುಂಪು, ಲೆಕ್ಕಕ್ಕೆ ಸಿಗುವುದನ್ನಷ್ಟೇ ಕಟ್ಟಿದವರು, ಫ್ರಾಂಕ್‌ಫರ್ಟಿನ ಅಡುಗೆಮನೆ, ಹೆಣ್ಣೊಬ್ಬಳು ಬರೆದ ನಕ್ಷೆ, ಕೈ ಚಾಚಿದರೆ ಎಲ್ಲ ಸಿಗುತ್ತದೆ, ಆದರೆ ಒಳಗೆ ಒಬ್ಬಳೇ ನಿಲ್ಲಬಹುದು. ಎರಡನೇ ವರ್ಷ ಮುಗಿಯುವ ಮೊದಲೇ ಮದುವೆ, ಭಾಲ್ಕಿ, ಈ ಒಲೆ. ಎದುರಿಗೆ ಅತ್ತೆ ಕಸ್ತೂರಿಬಾಯಿ, ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರುತ್ತಿದ್ದಾರೆ, ನಾನು ಬಡಿಯುವುದು, ಅವರು ಬೇಯಿಸುವುದು, ಬಂದ ದಿನದಿಂದ ಹೀಗೇ, ನಮ್ಮ ಜಗಳ ನಗು ಎಲ್ಲ ಈ ಹಂಚಿನ ಆಚೆ ಈಚೆ — ಹೊಸ ಮನಿ ನಕ್ಷಾದಾಗ ನಾ ಎಲ್ಲಿ ಕೂಡ್ಲೆಪ್ಪಾ, ಅಂತ ನಿನ್ನೆ ಮಗನನ್ನು ಕೇಳಿದರು, ಇವರು, ನನ್ನ ಗಂಡ ಸತೀಶಕುಮಾರ, ತಲೆ ಎತ್ತದೆ, ಅಡಿಗಿ ಮಾಡ್ಲಿಕ ಒಬ್ಬಾಕಿಗಿ ಜಾಗಾ ಸಾಕಲ್ಲ ಅವ್ವಾ, ನೀ ಆರಾಮ ಟಿವಿ ನೋಡು, ಅಂದರು. ಅಡುಗೆಮನೆಯ ಗೋಡೆ ಒಂದಿಷ್ಟು ಹೊರಗೆ ಬಾಗಿದರೆ ಇಬ್ಬರೂ ಕೂರಬಹುದು ಎಂದು ನಾನು ಪೆನ್ಸಿಲಿನಲ್ಲಿ ಗೀಚಿ ತೋರಿಸಿದೆ, ಇವರು ನಕ್ಕರು, ಶಶಿ, ನಾವು ಮನಿ ಕಟ್ಲತೀವೋ ಅಷ್ಟೂರ ಸುಲ್ತಾನರ ಗುಮ್ಮಟ ಕಟ್ಲತೀವೋ, ಅರ್ಧಾ ಓದಿದ್ದು ಇನ್ನಾ ಇಳಿದಿಲ್ಲ ನಿಂದು. ಅತ್ತೆ ನಗಲಿಲ್ಲ. ಹಿತ್ತಲಾಚೆಯ ಜಾಗದಲ್ಲಿ ಸುಣ್ಣದ ಪುಡಿಯ ಗೆರೆ ಬಿದ್ದಿದೆ, ನೆಟ್ಟಗೆ, ಚೌಕ, ನಾಳೆ ಬೆಳಿಗ್ಗೆ ಪಾಯ ಅಗೆಯುತ್ತಾರೆ, ಅಷ್ಟೊತ್ತಿಗೆ ಇವರು ಕೆಲಸಕ್ಕೆ ಹೊರಟು ಬೀದರಿನ ಬಸ್ಸಿನಲ್ಲಿ, ಗೋಡೆ ಕಟ್ಟುವ ಗೌಂಡಿ ಕುತುಬೋದ್ದೀನ ನಕ್ಷೆ ಬಿಚ್ಚುವವನಲ್ಲ, ಸುಣ್ಣಾ ಎಲ್ಲಿ ಬಿದ್ದದ ಅಲ್ಲೇ ಗುದ್ದಲಿ ಬೀಳ್ತದರಿ ಬಾಯಿ, ಅಂತ ಸಂಜೆ ಹೇಳಿ ಹೋದ — ಉಳಿದ ಸುಣ್ಣದ ಡಬ್ಬಿ ಇಟ್ಟಿಗೆ ರಾಶಿಯ ಹಿಂದಿದೆ, ಬೆಳಿಗ್ಗೆ ಅವನಿಗೆ ಗೇಟಿನ ಬೀಗ ತೆಗೆಯುವವಳು ನಾನೇ, ಕಾಲಿಂದ ಸವರಿದರೆ ಅಳಿಯುವ ಗೆರೆ, ದಿನಾ ರಂಗೋಲಿ ಹಾಕುವ ಕೈಗೆ ಒಂದು ಬಾಗು ಎಷ್ಟರದು — ಯಾಕ ಕೈ ನಿಂತದ, ಅತ್ತೆ ಕೇಳುತ್ತಾರೆ, ಏನಿಲ್ರಿ ಅತ್ತಿ, ಕೊಡ್ತೇನಿ ತಡೀರಿ, ಇವರಿಗೆ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ, ಹಿಟ್ಟು ಅಂಗೈ ಕೆಳಗೆ ತಿರುಗುತ್ತದೆ, ಬಿಳಿ ಗೋಡೆ, ಕೈ ಸರಿಯುತ್ತದೆ, ಇನ್ನೂ ಸರಿಯುತ್ತದೆ, ಮೂಲೆ ಸಿಗುವುದಿಲ್ಲ