ಮೂರನೇ ಗೇರು

ಮೊಟ್ಟೆ ಸಾಗಿಸುವವನು ಆ ಹಳೆಯ ಪಿಕಪ್ಪನ್ನು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದಾಗ ಮೇಸ್ತ್ರಿ ತಲೆ ಎತ್ತಿ ನೋಡಿದ, ನೋಡಿದವನೇ ಮುಖ ತಿರುಗಿಸಿಕೊಂಡ. ಬಿಳಿ ಬಣ್ಣದ ಮೇಲೆ ನೀಲಿ ಬಳಿದಿದ್ದರು. ಎಡಗಡೆಯ ಬಾಗಿಲು ಬೇರೆ ಯಾವುದೋ ಗಾಡಿಯದು. ಆದರೆ ನಂಬರು ಅದೇ. ಆ ಎಡಗಡೆಯ ಸೀಟಿನಲ್ಲಿ ಒಂದೂವರೆ ವರ್ಷದ ಹಿಂದೆ ಮೇಸ್ತ್ರಿಯ ಅಕ್ಕ ಸತ್ತಿದ್ದಳು.

"ಈ ಗಾಡಿ ನಾನು ಮುಟ್ಟಲ್ಲ, ಬೇರೆ ಕಡೆ ತೋರ್ಸಿ," ಎಂದ.

"ಬೇರೆ ಕಡೆ ಎಲ್ಲಾ ಆಯ್ತು ಮೇಸ್ತ್ರಿ." ಮೊಟ್ಟೆಯವನು ಸುಮ್ಮನೆ ಹಿಂತಿರುಗುವ ಆಸಾಮಿಯಲ್ಲ. "ಒಬ್ಬ ಕ್ಲಚ್ ಪ್ಲೇಟ್ ಬದಲಾಯಿಸ್ದ. ಇನ್ನೊಬ್ಬ ಗೇರ್ ಬಾಕ್ಸ್ ಕೆಳಗಿನ ರಬ್ಬರ್ ಬದಲಾಯಿಸ್ದ. ಮೂರನೆಯವನು, ನಿನಗೆ ಓಡಿಸೋಕೇ ಬರಲ್ಲ ಅಂದ. ಇಳಿಜಾರಲ್ಲಿ ಆಕ್ಸಿಲೇಟರ್‌ನಿಂದ ಕಾಲು ತೆಗೆದ್ರೆ ಸಾಕು, ಮೂರನೇ ಗೇರು ತಾನಾಗೇ ಹಾರಿ ನ್ಯೂಟ್ರಲ್‌ಗೆ ಬರುತ್ತೆ. ಹಿಂದೆ ಮೂರು ಸಾವಿರ ಮೊಟ್ಟೆ, ಮುಂದೆ ನಾನು. ಯಾವುದು ಮೊದ್ಲು ಒಡೆಯುತ್ತೋ ಗೊತ್ತಿಲ್ಲ."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತ.

"ಏನಂದ್ರಿ? ತಾನಾಗೇನಾ?"

"ತಾನಾಗೇ. ನಾನು ಲಿವರ್ ಮುಟ್ಟೂ ಇರಲ್ಲ."

ಮೇಸ್ತ್ರಿ ಕೀಲಿಗೆ ಕೈ ಚಾಚಿದ.

ಗೇರ್ ಬಾಕ್ಸಿನ ಕಾಯಿಲೆ ಕಂಡುಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಅವನಿಗೆ ಒಂದು ನಿಯಮವಿತ್ತು: ಬಿಚ್ಚಿ ನೋಡುವ ಮುಂಚೆ ಬಾಯಿ ಬಿಡಬಾರದು. ಗಿರಾಕಿ ಎಷ್ಟು ಕೇಳಿದರೂ "ನೋಡೋಣ" ಎನ್ನುವುದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಇಡೀ ಜನ್ಮದಲ್ಲಿ ಆ ನಿಯಮವನ್ನು ಅವನು ಮುರಿದದ್ದು ಒಂದೇ ಸಲ, ಅದೂ ಆಸ್ಪತ್ರೆಯ ವಾರ್ಡಿನಲ್ಲಿ.

ಅಂದು ಅಪಘಾತದ ಸುದ್ದಿ ಕೇಳಿ ಮೊದಲು ಓಡಿದವನು ಅವನೇ. ನೀರಿನ ಟ್ಯಾಂಕಿನ ರಸ್ತೆಯ ಇಳಿಜಾರು ಮಳೆಗೆ ನೆನೆದಿತ್ತು, ಲೋಡು ತುಂಬಿದ್ದ ಪಿಕಪ್ಪು ಬ್ರೇಕಿಗೆ ನಿಲ್ಲದೆ ತಡೆಗೋಡೆಗೆ ಎಡಗಡೆಯಿಂದ ಗುದ್ದಿ ನಿಂತಿತ್ತು. ಅಕ್ಕನ ಉಸಿರು ಆಗಲೇ ನಿಂತಿತ್ತು. ಭಾವನಿಗೆ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿತ್ತು. ಮೇಸ್ತ್ರಿಯ ಕಣ್ಣು ಅಭ್ಯಾಸಬಲದಿಂದ ಗೇರ್ ಲಿವರಿನ ಮೇಲೆ ಹೋಯಿತು. ಲಿವರು ನ್ಯೂಟ್ರಲ್‌ನಲ್ಲಿತ್ತು.

ಅಷ್ಟು ಸಾಕಾಯಿತು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಗೇರು ತೆಗೆದು ಗಾಡಿಯನ್ನು ಉರುಳಲು ಬಿಡುವುದು ಭಾವನ ಹಳೆಯ ಚಾಳಿ. "ನಿಮ್ಮ ಭಾವನಿಗೆ ನೀನಾದ್ರೂ ಹೇಳೋ, ನನ್ನ ಮಾತು ಕೇಳಲ್ಲ," ಎಂದು ಅಕ್ಕ ಎಷ್ಟು ಸಲ ಹೇಳಿದ್ದಳೋ. ಮೇಸ್ತ್ರಿ ಹೇಳಿದ್ದ, ಇನ್ನು ಹಾಗೆ ಮಾಡಲ್ಲ ಎಂದು ಭಾವ ಮಾತೂ ಕೊಟ್ಟಿದ್ದ. ಮೂರು ದಿನದ ಮೇಲೆ ಭಾವ ಕಣ್ಣು ಬಿಟ್ಟು, ಏನಾಯಿತು, ನನಗೇನೂ ನೆನಪಿಲ್ಲ ಎಂದಾಗ ಮೇಸ್ತ್ರಿ ನೆಂಟರು, ನರ್ಸು, ಪಕ್ಕದ ಮಂಚದ ರೋಗಿ ಎಲ್ಲರ ಎದುರಿಗೆ ಹೇಳಿಬಿಟ್ಟ: "ನ್ಯೂಟ್ರಲ್ ಹಾಕಿ ಕೊಂದ್ಯಲ್ಲೋ ನಮ್ಮಕ್ಕನ್ನ." ಇಪ್ಪತ್ತು ವರ್ಷ ನೀವು ತಾವು ಎಂದು ಕರೆದ ಬಾಯಿ ಅದು. ನಾಲಿಗೆಗೆ ಎಲುಬಿಲ್ಲ ಎಂದು ಸುಮ್ಮನೆ ಹೇಳುವುದಿಲ್ಲ. ಅವನ ಮಾತಿಗೆ ಎದುರು ಹೇಳುವವರು ಅಲ್ಲಿ ಯಾರಿದ್ದರು? ಗೇರಿನ ವಿಷಯ ಅವನಿಗಿಂತ ಬಲ್ಲವರು ಇರಲಿಲ್ಲ. ಅವತ್ತಿನಿಂದ ಅವನು ಭಾವನ ಮುಖ ನೋಡಿರಲಿಲ್ಲ.

ಈಗ ಮೊಟ್ಟೆಯವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇರೊಂದು ಸಣ್ಣ ಇಳಿಜಾರಿಗೆ ಹೋದ. ಮೂರನೇ ಗೇರು ಹಾಕಿ ಆಕ್ಸಿಲೇಟರ್ ಒತ್ತಿದಾಗ ತಕರಾರಿಲ್ಲ. ಕಾಲು ತೆಗೆದ. ಎರಡೇ ಕ್ಷಣ. ಲಿವರು ಒಮ್ಮೆ ನಡುಗಿ, ಟಕ್ಕೆಂದು ಹಿಂದಕ್ಕೆ ಜಿಗಿಯಿತು. ಎಂಜಿನ್ನಿನ ಹಿಡಿತ ತಪ್ಪಿದ ಗಾಡಿ ಹಗುರಾಗಿ ಮುಂದಕ್ಕೆ ಓಡಿತು.

"ನೋಡಿದ್ರಾ? ಈಗ ಹೇಳಿ, ನನಗೆ ಓಡಿಸೋಕೆ ಬರಲ್ವಾ?" ಎಂದ ಮೊಟ್ಟೆಯವನು.

ಮೇಸ್ತ್ರಿ ಇನ್ನೆರಡು ಸಲ ನೋಡಿದ, ಎರಡು ಸಲವೂ ಅದೇ. ಎರಡನೇ ಗೇರು ಗಟ್ಟಿಯಾಗಿ ನಿಲ್ಲುತ್ತಿತ್ತು, ನಾಲ್ಕನೆಯದು ಮಾತ್ರ ಸ್ವಲ್ಪ ಅಳ್ಳಕ. ಮೂರಕ್ಕೂ ನಾಲ್ಕಕ್ಕೂ ಒಳಗೆ ಒಂದೇ ಸರಳು. ಹಲ್ಲು ಸವೆದಿದ್ದರೆ ಸದ್ದು ಬರಬೇಕಿತ್ತು, ಸದ್ದಿಲ್ಲ. ಬೇರಿಂಗ್ ಹೋಗಿದ್ದರೆ ಲಿವರು ಕೈಯಲ್ಲಿ ಗುಂಯ್‌ಗುಡಬೇಕಿತ್ತು, ಅದೂ ಇಲ್ಲ. ರಬ್ಬರು ಹೊಸದು. ಒಂದೊಂದನ್ನೇ ಮನಸ್ಸಿನಲ್ಲಿ ಹೊಡೆದುಹಾಕುತ್ತ ಬಂದಂತೆ ಉಳಿದದ್ದು ಒಂದೇ, ಮತ್ತು ಅದು ಉಳಿಯದಿರಲಿ ಎಂದು ಅವನು ಬೇಡಿಕೊಳ್ಳತೊಡಗಿದ್ದ.

ಗೇರ್ ಬಾಕ್ಸಿನ ಒಳಗೆ ಪ್ರತಿ ಸರಳಿನಲ್ಲೂ ಸಣ್ಣ ಗುಳಿ ಇರುತ್ತದೆ. ಗೇರು ಬಿದ್ದಾಗ ಒಂದು ಉಕ್ಕಿನ ಗುಂಡು ಆ ಗುಳಿಯಲ್ಲಿ ಕೂರುತ್ತದೆ. ಗುಂಡನ್ನು ಮೇಲಿನಿಂದ ಅದುಮಿ ಹಿಡಿಯುವುದು ಕಿರುಬೆರಳಿನ ತುದಿಯಷ್ಟು ಉದ್ದದ ಸ್ಪ್ರಿಂಗು. ಅದರಲ್ಲಿ ಬಲವಿಲ್ಲದಿದ್ದರೆ ಗೇರು ನಿಲ್ಲುವುದಿಲ್ಲ.

ಗ್ಯಾರೇಜಿಗೆ ಬಂದು ಲಿವರಿನ ಸುತ್ತಲಿನ ರಬ್ಬರು ಹಾಸು ಸರಿಸಿ, ಮುಚ್ಚಳದ ಮೇಲೆ ಸ್ಪ್ರಿಂಗಿಗೆ ಒಂದರಂತೆ ಇದ್ದ ಮೂರು ಬೋಲ್ಟುಗಳಲ್ಲಿ ಮೊದಲನೆಯದನ್ನು ಬಿಚ್ಚಿದ. ಸ್ಪ್ರಿಂಗು ಸರಿಯಾಗಿತ್ತು. ಮೂರನೆಯದನ್ನು ಬಿಚ್ಚಿದ. ಅದೂ ಸರಿಯಾಗಿತ್ತು. ಮೂರು ನಾಲ್ಕರ ಸರಳಿನ ಮೇಲಿದ್ದ ನಡುವಿನದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದ. ಬಿಚ್ಚಿ, ಆಯಸ್ಕಾಂತದ ಕಡ್ಡಿ ಇಳಿಸಿ ಎತ್ತಿದ. ಬಂದ ಸ್ಪ್ರಿಂಗು ಉಳಿದ ಎರಡಕ್ಕಿಂತ ಗಿಡ್ಡ, ತಂತಿ ತೆಳು. ಒಂದು ತುದಿಯನ್ನು ಗ್ರೈಂಡರಿನಲ್ಲಿ ಕತ್ತರಿಸಿದ್ದರಿಂದ ಅಲ್ಲಿ ಸುಟ್ಟ ನೀಲಿ ಬಣ್ಣವಿತ್ತು.

ಕತ್ತರಿಸಿದ ಕೈ ಅವನದೇ. ಅಪಘಾತಕ್ಕೆ ಒಂಬತ್ತು ದಿನ ಮುಂಚೆ ಭಾವ ಎಣ್ಣೆ ಸೋರುತ್ತಿದೆ ಎಂದು ಗಾಡಿ ತಂದಿದ್ದ. ಮುಚ್ಚಳ ಎತ್ತುವಾಗ ನಡುವಿನ ಸ್ಪ್ರಿಂಗು ಚಿಮ್ಮಿ ಎಲ್ಲಿಗೋ ಹಾರಿತು. ಚಿಮ್ಮುವುದು ಅವುಗಳ ಜಾಯಮಾನ, ಎಲ್ಲ ಮೇಸ್ತ್ರಿಗಳೂ ಒಂದಲ್ಲ ಒಂದು ದಿನ ನೆಲದ ಮೇಲೆ ತೆವಳಿದವರೇ. ಅವನೂ ತೆವಳಿದ, ಸಿಗಲಿಲ್ಲ. ಬಿಡಿಭಾಗದ ಅಂಗಡಿಗೆ ಅವತ್ತು ರಜೆ. ಭಾವ ಬಾಡಿಗೆಗೆ ಹೊತ್ತಾಯಿತು ಎಂದು ಗಡಿಯಾರ ನೋಡುತ್ತಿದ್ದ. ತಗಡಿನ ಡಬ್ಬಿಯಲ್ಲಿದ್ದ ಯಾವುದೋ ಹಳೆಯ ಸ್ಪ್ರಿಂಗನ್ನು ಅಂದಾಜಿನ ಮೇಲೆ ಕತ್ತರಿಸಿ ಕೂರಿಸಿದ. "ಸದ್ಯಕ್ಕೆ ನಡೀಲಿ ಭಾವ. ನಾಳೆ ನಾಡಿದ್ದರಲ್ಲಿ ಹೊಸದು ಹಾಕ್ತೀನಿ." ಭಾವ ನಗುತ್ತ, "ನೀನು ಹಾಕಿದ್ಮೇಲೆ ಮುಗೀತಲ್ಲ," ಎಂದು ಹೊರಟಿದ್ದ. ಎರಡನೇ ದಿನ ಬೇರೆ ಕೆಲಸ ಬಂತು, ಮೂರನೇ ದಿನ ಮರೆತೇಹೋಯಿತು. ಒಂಬತ್ತನೇ ದಿನ ಅಕ್ಕ ಗಾಡಿಯಲ್ಲಿ ಕೂತಳು.

ಅವನಿಗೆ ಮೊದಲು ಬಂದದ್ದು ದುಃಖವಲ್ಲ, ಹೆದರಿಕೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸ್ಪ್ರಿಂಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹಿಂದೆ ತಿರುಗಿ ನೋಡಿದ.

"ಸಿಕ್ತಾ ರೋಗ?" ಎಂದ ಹಿಂದೆಯೇ ನಿಂತಿದ್ದ ಮೊಟ್ಟೆಯವನು.

"ಸ್ಪ್ರಿಂಗು," ಎಂದ, ಮುಷ್ಟಿ ಬಿಚ್ಚಿ ತೋರಿಸದೆ ವಿಧಿಯಿರಲಿಲ್ಲ.

"ಇಷ್ಟೇನಾ?" ಮೊಟ್ಟೆಯವನು ಬಗ್ಗಿ ನೋಡಿದ. "ಇಷ್ಟು ಚೂರಿಗೆ ಇಷ್ಟೊಂದು ಕುಣಿತವಾ? ಯಾವ ಪುಣ್ಯಾತ್ಮ ಹಾಕಿದ್ದೋ ಇದನ್ನ."

"ಯಾರೋ," ಎಂದ ಮೇಸ್ತ್ರಿ. "ಗಾಡಿ ಇಲ್ಲೇ ಬಿಡಿ. ಬೆಳಿಗ್ಗೆ ಬನ್ನಿ."

ಮೊಟ್ಟೆಯವನು ಹೋದ ಮೇಲೆ ಅವನು ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದ. ಡ್ರಾಯರಿನಲ್ಲಿ ಹೊಸ ಸ್ಪ್ರಿಂಗುಗಳಿದ್ದವು. ಒಂದನ್ನು ಹಾಕಿ, ಹಳೆಯದನ್ನು ಗುಜರಿಗೆ ಎಸೆದರೆ ಮುಗಿಯಿತು. ಸತ್ತವಳು ಎದ್ದು ಬರುವುದಿಲ್ಲ, ಭಾವನಿಗೂ ಈಗ ರೂಢಿಯಾಗಿರಬೇಕು. ಹೀಗೆಲ್ಲ ಯೋಚಿಸಿದ ಎಂದು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ. ಹೊಸದನ್ನು ಹಾಕಿ ಬೋಲ್ಟು ಬಿಗಿದದ್ದೂ ಆಯಿತು. ಅಕ್ಕ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಕೊನೆಗೆ ಅದೇ ಬೋಲ್ಟನ್ನು ಮತ್ತೆ ಬಿಚ್ಚಿ, ಹೊಸದನ್ನು ತೆಗೆದು, ಆ ಗಿಡ್ಡ ಸ್ಪ್ರಿಂಗನ್ನೇ ವಾಪಸು ಕೂರಿಸಿ, ಗಾಡಿ ಹತ್ತಿ ಮರದ ಮಿಲ್ಲಿನ ಕಡೆ ಹೊರಟ.

ಭಾವ ಈಗ ಆ ಮಿಲ್ಲಿನಲ್ಲಿ ಹಲಗೆ ಅಳೆಯುವ ಕೆಲಸಕ್ಕಿದ್ದ. ಅಪಘಾತದ ಮೇಲೆ ಅವನು ಸ್ಟೇರಿಂಗ್ ಮುಟ್ಟಿರಲಿಲ್ಲ. ಅಳತೆಯ ಟೇಪಿನ ತುದಿಯನ್ನು ಹಲಗೆಗೆ ಸಿಕ್ಕಿಸಿ, ಬಲಗೈ ಒಂದರಿಂದಲೇ ಎಳೆದು, ಅದೇ ಕೈಯಿಂದ ಸೀಸದಕಡ್ಡಿಯಲ್ಲಿ ಗುರುತು ಹಾಕುತ್ತಿದ್ದ. ಎಡಗೈ ಜೇಬಿನಲ್ಲಿತ್ತು. ಆ ಕೈಗೆ ಅಪಘಾತದಲ್ಲಿ ಏನೂ ಆಗಿರಲಿಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಗೇರು ಹಾಕುವ ಕೈ ಅದು.

"ಭಾವ."

ಭಾವ ತಿರುಗಿದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಏನು? ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಇಲ್ಲ, ಎಲ್ಲಾ ಚೆನ್ನಾಗಿದ್ದಾರೆ." ಗರಗಸದ ಸದ್ದು ನಿಲ್ಲುವ ತನಕ ಕಾದು, ಮೇಸ್ತ್ರಿ ನೆಲ ನೋಡಿಕೊಂಡು ಹೇಳಿದ: "ಅವತ್ತು ನೀವು ನ್ಯೂಟ್ರಲ್ ಹಾಕಿರ್ಲಿಲ್ಲ."

"ಹಾಕಿದ್ದೆ," ಎಂದ ಭಾವ, ಸಮಾಧಾನವಾಗಿಯೇ. "ನನಗೆ ಚೆನ್ನಾಗಿ ನೆನಪಿದೆ. ತಿರುವು ದಾಟಿದ ಮೇಲೆ ಈ ಕೈಲೇ ತೆಗೆದೆ. ಲಿವರ್ ತುದಿಯ ಗುಬುಟು ತಣ್ಣಗಿತ್ತು."

"ಆಸ್ಪತ್ರೇಲಿ ಏನೂ ನೆನಪಿಲ್ಲ ಅಂದಿದ್ರಿ."

"ಆಮೇಲೆ ನೆನಪಾಯ್ತು. ನೀನು ಹೇಳಿದ್ಮೇಲೆ."

ಹಾರಿಹೋದ ಸ್ಪ್ರಿಂಗು, ಡಬ್ಬಿಯಿಂದ ಕತ್ತರಿಸಿ ಹಾಕಿದ್ದು, ಮರೆತದ್ದು, ಇವತ್ತು ಸಿಕ್ಕಿದ್ದು, ಎಲ್ಲವನ್ನೂ ಮೇಸ್ತ್ರಿ ಒಂದೂ ಬಿಡದೆ ಹೇಳಿದ. ಭಾವ ಹಲಗೆಯ ಮೇಲಿನ ಹೊಟ್ಟನ್ನು ಬೆರಳಿನಿಂದ ಸರಿಸುತ್ತ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಮೇಸ್ತ್ರಿಗೆ ಎಷ್ಟೋ ಸಲೀಸಾಗುತ್ತಿತ್ತು.

"ಗಾಡಿ ಎಲ್ಲಿದೆ?"

"ಆಚೆ ನಿಲ್ಸಿದೀನಿ."

"ಆ ಸ್ಪ್ರಿಂಗು?"

"ಅದ್ರಲ್ಲೇ ಇದೆ. ನೀವೇ ನೋಡ್ಲಿ ಅಂತ ತೆಗೀಲಿಲ್ಲ."

ಭಾವ ಸೀಸದಕಡ್ಡಿಯನ್ನು ಕಿವಿಗೆ ಸಿಕ್ಕಿಸಿ ಹೊರಗೆ ನಡೆದ. ನೀಲಿ ಗಾಡಿಯನ್ನು ಒಂದು ಸುತ್ತು ಸುತ್ತಿದ, ಎಡಗಡೆಯ ಬಾಗಿಲ ಹತ್ತಿರ ಬಂದಾಗ ಸ್ವಲ್ಪ ದೂರ ಸರಿದು ನಡೆದ. ಆಮೇಲೆ ಸ್ಟೇರಿಂಗ್ ಮುಂದೆ ಹತ್ತಿ ಕೂತ. "ಹತ್ತು," ಎಂದ. ಹತ್ತುವುದಕ್ಕೆ ಇದ್ದದ್ದು ಅಕ್ಕನ ಸೀಟು ಒಂದೇ.

ಭಾವ ಗಾಡಿಯನ್ನು ನೀರಿನ ಟ್ಯಾಂಕಿನ ರಸ್ತೆಯ ನೆತ್ತಿಗೆ ತಂದ. ಸಂಜೆಯ ಹೊತ್ತು, ಮೋಡ ಕವಿದಿತ್ತು, ಬೇರೆ ಗಾಡಿಗಳಿರಲಿಲ್ಲ. ಭಾವ ಒಂದು ನಿಮಿಷ ನಿಲ್ಲಿಸಿ, ಎಡಗೈಯಿಂದ ಗೇರು ಹಾಕಿ ಹೊರಟ. ತಿರುವು ದಾಟಿತು. ಮೂರನೆಯದಕ್ಕೆ ಹಾಕಿ, ಆ ಕೈಯನ್ನೂ ಸ್ಟೇರಿಂಗಿಗೆ ತಂದು, ಆಕ್ಸಿಲೇಟರ್‌ನಿಂದ ಕಾಲು ತೆಗೆದ.

ಟಕ್.

ಗಾಡಿ ಹಗುರಾಯಿತು, ಓಟ ಹೆಚ್ಚಿತು. ಮೇಸ್ತ್ರಿಯ ಬಾಗಿಲಿನ ಪಕ್ಕದಲ್ಲಿ ತಡೆಗೋಡೆ ಬರತೊಡಗಿತು. ಹೊಸ ಕಲ್ಲು ಕಟ್ಟಿದ ಜಾಗ ಬೇರೆಯಾಗಿಯೇ ಕಾಣುತ್ತಿತ್ತು. ಭಾವ ಬ್ರೇಕ್ ಒತ್ತಿ ಗಾಡಿಯನ್ನು ಪೂರ್ತಿ ನಿಲ್ಲಿಸಿದ. ಸ್ಟೇರಿಂಗಿನ ಮೇಲಿದ್ದ ತನ್ನ ಎರಡು ಕೈಗಳನ್ನು ನೋಡಿದ. ಆಮೇಲೆ ಲಿವರನ್ನು ನೋಡಿದ.

"ಇನ್ನೊಂದ್ಸಲ," ಎಂದ.

ಗಾಡಿ ತಿರುಗಿಸಿ ಮತ್ತೆ ನೆತ್ತಿಗೆ ಹೋದರು, ಮತ್ತೆ ಇಳಿದರು. ಟಕ್. ಮತ್ತೊಮ್ಮೆ. ಮತ್ತೊಮ್ಮೆ. ಪ್ರತಿ ಸಲವೂ ಗೋಡೆ ಹತ್ತಿರ ಬಂದಾಗ ಮೇಸ್ತ್ರಿಯ ಎರಡೂ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿದ್ದವು. ಅಕ್ಕನೂ ಹೀಗೇ ಒತ್ತಿರಬೇಕು ಎಂದು ಅವನಿಗೆ ತೋಚಿತು, ತೋಚಿದ್ದನ್ನು ಮನಸ್ಸಿನಿಂದ ತೆಗೆಯಲಾಗಲಿಲ್ಲ. ಸಾಕು ಭಾವ ಎನ್ನಬೇಕೆನಿಸಿತು. ಎನ್ನುವ ಹಕ್ಕು ತನಗಿಲ್ಲವೆಂದು ಹಲ್ಲು ಕಚ್ಚಿ ಕೂತ.

ಐದನೆಯ ಸಲ ಗೋಡೆಯ ಪಕ್ಕದಲ್ಲಿ ನಿಲ್ಲಿಸಿ ಭಾವ ಎಂಜಿನ್ ಆರಿಸಿದ.

"ಒಂದೂವರೆ ವರ್ಷದಿಂದ ದಿನಾ ಅವಳ ಹತ್ರ ತಪ್ಪಾಯ್ತು, ತಪ್ಪಾಯ್ತು ಅಂತಾನೇ ಇದ್ದೆ," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಅವಳು ಹೋದ್ಲಲ್ಲ ಅಂತ ಅಳೋಕೆ ನನಗೆ ಪುರುಸೊತ್ತೇ ಆಗ್ಲಿಲ್ಲ."

ಹಾಗೆಂದವನು ಹಣೆಯನ್ನು ಸ್ಟೇರಿಂಗಿಗೆ ಒತ್ತಿ ಅಳತೊಡಗಿದ. ಗಟ್ಟಿಯಾಗಿ, ಹೆಂಡತಿ ಇವತ್ತೇ ಸತ್ತಳೆಂಬಂತೆ ಅಳುತ್ತಿದ್ದ. ಮೇಸ್ತ್ರಿಯ ಕೈ ತಾನಾಗಿ ಅವನ ಹೆಗಲಿಗೆ ಹೋಯಿತು.

"ಮುಟ್ಬೇಡ," ಎಂದ ಭಾವ, ತಲೆ ಎತ್ತದೆ.

ಮೇಸ್ತ್ರಿ ಕೈ ತೆಗೆದ. ಬಾಗಿಲು ಗೋಡೆಗೆ ತೀರ ಹತ್ತಿರವಿದ್ದುದರಿಂದ ಅದನ್ನು ತೆರೆದು ಇಳಿಯುವುದೂ ಆಗುತ್ತಿರಲಿಲ್ಲ. ಅವನು ಅಕ್ಕನ ಸೀಟಿನಲ್ಲೇ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಭಾವ ಅತ್ತು ಮುಗಿಸುವುದನ್ನು ಕಾಯುತ್ತ ಕೂತ.