ಕಾವಿಗೆ ಕೂತ ಪ್ಯಾಡು

ನಾನು ಒಂದು ಹೀಟಿಂಗ್ ಪ್ಯಾಡ್. ಅರ್ಧ ದಿಂಬಿನಷ್ಟು ಅಗಲ, ಎರಡು ಪದರ ಬಟ್ಟೆ, ನಡುವೆ ಹಾವಿನಂತೆ ಸುತ್ತಿ ಹೊಲಿದ ತಂತಿ, ಉದ್ದನೆಯ ವೈರಿನ ಬಾಲ. ನಾನು ಹುಟ್ಟಿದ್ದು ಊರಾಚೆಯ ಒಂದು ಶೆಡ್ಡಿನಲ್ಲಿ. ನನ್ನನ್ನು ಹೊಲಿದ ಹೆಂಗಸು ಕೊನೆಯ ದಾರವನ್ನು ಹಲ್ಲಿನಲ್ಲಿ ಕಡಿದು, ಕರೆಂಟು ಕೊಟ್ಟು, ಕೆನ್ನೆಗೆ ಒತ್ತಿಕೊಂಡು "ಹ್ಞೂಂ, ಬೆಚ್ಚಗಿದೆ" ಎಂದಳು. ನಾಚಿಕೆ ಎಂದರೇನೆಂದು ನನಗೆ ಆಗಿನ್ನೂ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಮದ್ದೂರಿನ ಮೆಡಿಕಲ್ ಶಾಪಿನಲ್ಲಿ. ಭವ್ಯ ಎಂಬ ಹುಡುಗಿ, ಆಗಷ್ಟೇ ಬಿ.ಎ. ಮುಗಿಸಿದವಳು, ಅಂಗಡಿಯಲ್ಲಿದ್ದ ಗಂಡಸರೆಲ್ಲ ಹೋಗುವವರೆಗೂ ನಿಂತಿದ್ದು, ಕೌಂಟರಿನ ಗಾಜಿಗೆ ಹೇಳುವಂತೆ "ಪ್ಯಾಡ್ ಬೇಕಿತ್ತು" ಎಂದಳು. ಅಂಗಡಿಯಾತ ಆ ಇನ್ನೊಂದು ಪ್ಯಾಡನ್ನು ತೆಗೆದು ಪೇಪರಿನಲ್ಲಿ ಸುತ್ತತೊಡಗಿದ.

"ಅದಲ್ಲ... ಬಿಸಿ ಆಗೋದು."

ಆತ ನನ್ನನ್ನು ಇಳಿಸಿದ. ನನ್ನ ಡಬ್ಬದ ಮೇಲೆ ಬೆನ್ನಿಗೆ ಶಾಖ ಕೊಟ್ಟುಕೊಂಡು ನಗುವ ಅಜ್ಜನ ಚಿತ್ರವಿತ್ತು; ಮುಚ್ಚಿಡುವಂಥದ್ದೇನೂ ಇರಲಿಲ್ಲ. ಆದರೂ ಕೈಯ ಅಭ್ಯಾಸ. ಅದೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿದ. ಆ ಕತ್ತಲಲ್ಲೇ ನಾನು ಅವಳ ಮನೆ ಸೇರಿದೆ.

ಮನೆಯಲ್ಲಿ ಅಪ್ಪ ಬೋರೇಗೌಡರು, ಅಜ್ಜಿ ಸಣ್ಣಮ್ಮ. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ತಿಂಗಳಲ್ಲಿ ಮೂರು ದಿನ ಭವ್ಯ 'ಹೊರಗೆ'. ಹೊರಗೆ ಎಂದರೆ ಹಿತ್ತಲ ಕಡೆಯ ಸಣ್ಣ ಕೋಣೆ, ಬೇರೆ ಚಾಪೆ, ಬೇರೆ ಲೋಟ. ಅಲ್ಲಿ ಅವಳು ಮುದುಡಿ ಮಲಗಿದಾಗ ನನ್ನನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದಳು. ನೋವು ಸಡಿಲಾಗುತ್ತಿತ್ತು. ನನಗೆ ಹೆಮ್ಮೆಯಾಗಬೇಕಿತ್ತು. ಆದರೆ ಅಪ್ಪನ ಚಪ್ಪಲಿ ಸದ್ದಾದರೆ ಸಾಕು, ನನ್ನನ್ನು ಚಾಪೆಯಡಿಗೆ ತುರುಕುತ್ತಿದ್ದಳು. ಒಮ್ಮೆ ನನ್ನ ಅಂಚಿಗೆ ಕಲೆಯಾಯಿತು. ತಿಕ್ಕಿದಳು, ಹೋಗಲಿಲ್ಲ. ಅಂದಿನಿಂದ ಕಲೆ ಒಳಗಾಗುವಂತೆ ಮಡಚಿಡುತ್ತಿದ್ದಳು.

ಸಣ್ಣಮ್ಮನ ಜೀವವೆಲ್ಲ ಅವಳ ಹೇಂಟೆಯ ಮೇಲೆ. "ಹೇಂಟೆ ಕಾವಿಗೆ ಕೂತದೆ. ಹೊರಗಾದಾಗ ಆ ಕಡೆ ಸುಳೀಬ್ಯಾಡ ಮಗಾ, ನೆಳ್ಳು ಬಿದ್ರೂ ಮೊಟ್ಟೆ ಕೊಳೀತವೆ" ಎನ್ನುತ್ತಿದ್ದಳು. ಭವ್ಯ ಕೋಳಿಯ ಕುಕ್ಕೆ ಇದ್ದ ದಾರಿ ಬಿಟ್ಟು, ಮನೆ ಸುತ್ತಿ ಬಚ್ಚಲಿಗೆ ಹೋಗುತ್ತಿದ್ದಳು.

ಮೊಟ್ಟೆಯೊಡೆದು ಮರಿಗಳು ಹೊರಬಂದ ಮಾರನೆಯ ಬೆಳಿಗ್ಗೆ ನಾಯಿ ಹೇಂಟೆಯನ್ನು ಕಚ್ಚಿಕೊಂಡು ಹೋಯಿತು. ಧನುರ್ಮಾಸದ ಚಳಿ. ಮರಿಗಳು ಕುಕ್ಕೆಯಲ್ಲಿ ಒಂದರ ಮೇಲೊಂದು ಬಿದ್ದು ಚೀರಿದವು. ಕೆಲವು ಚೀರುವುದನ್ನೂ ಬಿಟ್ಟವು. ಅಜ್ಜಿ ಸೆರಗು ಹೊದಿಸಿದಳು, ಒಲೆಯ ಪಕ್ಕ ಇಟ್ಟಳು. "ಸತ್ತೋಯ್ತವೆ. ಅವ್ವ ಇಲ್ದ ಮರಿ ಬದುಕಾಕಿಲ್ಲ."

ಭವ್ಯ ಕೋಣೆಯಿಂದ ಕೇಳಿಸಿಕೊಂಡಳು. ಅಂದು ಅವಳು ಹೊರಗಾಗಿದ್ದಳು. ನಾನು ಅವಳ ಹೊಟ್ಟೆಯ ಮೇಲಿದ್ದೆ. ನನ್ನನ್ನೇ ನೋಡಿದಳು. ಎದ್ದು ಹೊಸಿಲಿಗೆ ಬಂದಳು.

"ಅಜ್ಜಿ, ಇದು ಬೆಚ್ಚಗಿರ್ತದೆ."

"ಏನದು?"

"ಪ್ಯಾಡು."

"ಅಯ್ಯೋ ಮುಂಡೇದೆ! ಅದ್ನ ಯಾರಾದ್ರೂ ಹಿಂಗೆ ಹಿಡ್ಕಂಡ್ ಬತ್ತಾರಾ?"

"ಅದಲ್ಲಜ್ಜಿ, ಕರೆಂಟಿಂದು. ನಂಗೆ ನೋವು ಬಂದಾಗ..." ಮಾತು ಮುಗಿಯಲಿಲ್ಲ. ಹೊರಗಾದವಳು ಕೈಗೆ ಕೊಡುವಂತಿಲ್ಲ. ನನ್ನನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಗಡಿಬಿಡಿಯಲ್ಲಿ ಕಲೆಯ ಕಡೆಯೇ ಮೇಲಾಯಿತು. ನನ್ನ ತಂತಿ ಅಲ್ಲೇ ಸುಟ್ಟುಹೋಗಬಾರದೇ ಅನ್ನಿಸಿತು.

ಅಜ್ಜಿ ಕಲೆ ನೋಡಿದಳು. ಕುಕ್ಕೆಯಲ್ಲಿ ಒಂದು ಮರಿ ಕತ್ತು ವಾಲಿಸಿತು. ಅಜ್ಜಿ ಬಗ್ಗಿ, ಎರಡೂ ಕೈಯಲ್ಲಿ ನನ್ನನ್ನು ಎತ್ತಿಕೊಂಡಳು.

"ಎಲ್ಲಿ ಚುಚ್ಚಬೇಕು, ಹೇಳು."

ನನ್ನನ್ನು ಕುಕ್ಕೆಯಲ್ಲಿ ಹಾಸಿದರೆ ಮರಿಗಳು ಮೇಲೆ ನಿಲ್ಲಲೊಲ್ಲವು. ಅಂಚಿನಡಿಗೆ ತಲೆ ತೂರಿಸಿ ನುಗ್ಗಲು ನೋಡಿದವು. "ಅಜ್ಜಿ, ಅವಕ್ಕೆ ಹಾಸಿಗೆ ಬೇಡ. ಅವ್ವನ ಹೊಟ್ಟೆ ಬೇಕು. ಮೇಲೆ ಕಟ್ಟಾಣ" ಎಂದಳು ಭವ್ಯ. ಬಿದಿರ ಸೀಳು ಬಗ್ಗಿಸಿ ಕಮಾನು ಮಾಡಿ, ನನ್ನನ್ನು ಅದರ ಮೇಲೆ ಹೊದಿಸಿ ಕಟ್ಟಿದರು. ಮರಿಗಳು ಒಳಗೆ ನುಗ್ಗಿ, ನನಗೆ ಬೆನ್ನು ಒತ್ತಿ, ಸುಮ್ಮನಾದವು. ಗಂಟು ಹಾಕುವಾಗ ಅಜ್ಜಿಗೆ ಮೊಮ್ಮಗಳ ಕೈ ತಾಕಿತು. ಅಜ್ಜಿ ಕೈ ಹಿಂದೆಳೆಯದೆ ಗಂಟು ಬಿಗಿದಳು.

ಸಂಜೆ ಗೌಡರು ಬಂದರು. "ಏನವ್ವಾ ಇದು, ಕೋಳಿಗೆ ಗುಡಾರ?"

"ನಿನ್ ಮಗಳ ಪ್ಯಾಡು ಕಣ್ಲಾ. ಕಾವಿಗೆ ಕೂತದೆ."

ಗೌಡರು ಕೆಮ್ಮಿದರು, ಸೂರು ನೋಡಿದರು, ಕಾಲು ತೊಳೆಯಲು ಹೋದರು. ಬಹಳ ಹೊತ್ತು ತೊಳೆದರು. ಭವ್ಯ ಮಂಡಿಗಳ ನಡುವೆ ಮುಖ ಹುದುಗಿಸಿಕೊಂಡಳು. ನಾನೂ ಮಡಚಿಕೊಳ್ಳುತ್ತಿದ್ದೆ, ಆದರೆ ಅಡಿಯಲ್ಲಿ ಮರಿಗಳಿದ್ದವು.

ಕತ್ತು ವಾಲಿಸಿದ ಮರಿ ಉಳಿಯಲಿಲ್ಲ. ಅದರ ತಪ್ಪು ತನ್ನ ತಲೆಗೇ ಬರುತ್ತದೆಂದು ಭವ್ಯ ಉಗುರು ಕಚ್ಚುತ್ತ ನಿಂತಿದ್ದಳು. "ಮೊದ್ಲೇ ಚಳಿ ತಿಂದಿತ್ತು, ಪಾಪ" ಎಂದಳು ಅಜ್ಜಿ. ಅಷ್ಟೇ. ಮಿಕ್ಕವೆಲ್ಲ ಬೆಳೆದವು.

ಈಗ ನನಗೆ ವಯಸ್ಸಾಗಿದೆ. ಇಲಿ ವೈರು ಕಡಿದು ತಂತಿ ಸತ್ತಿದೆ. ನನ್ನ ಬಟ್ಟೆಯನ್ನು ಕುಕ್ಕೆಗೆ ಹಾಸಿದ್ದಾರೆ. ಅಂದು ನನ್ನಡಿ ಮಲಗಿದ್ದ ಮರಿಯೊಂದು ಈಗ ತಾನೂ ಹೇಂಟೆಯಾಗಿ ಕಾವಿಗೆ ಕೂತಿದೆ. ಅದರಡಿಗೆ ಮೊಟ್ಟೆ ಜೋಡಿಸಿಡುವ ದಿನ ಅಜ್ಜಿ ಕೋಣೆಯ ಕಡೆ ತಿರುಗಿ ಕೂಗಿದಳು: "ನನ್ ಕಣ್ಣು ಕಾಣಾಕಿಲ್ಲ. ಬಾ, ನೀನೇ ಇಡು."

"ಅಜ್ಜಿ, ನಾನಿವತ್ತು..."

"ಗೊತ್ತು. ಇಡು."

ಭವ್ಯ ಒಂದೊಂದೇ ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಇಟ್ಟಳು. ಅಂದಿನಿಂದ ದಿನಾ ಬಂದು ಕುಕ್ಕೆಗೆ ಕಿವಿಗೊಡುತ್ತಾಳೆ. ಮೂಗರಳಿಸಿ, ಕೊಳೆತ ವಾಸನೆ ಇದೆಯೇ ಎಂದು ಹುಡುಕುತ್ತಾಳೆ. ಅವಳ ನಾಚಿಕೆಯಾಗಲಿ ನನ್ನದಾಗಲಿ ಅಷ್ಟು ಬೇಗ ಹೋಗುವಂಥದ್ದಲ್ಲ.

ಇವತ್ತು ಬೆಳಿಗ್ಗೆ, ನನ್ನ ಕಲೆಯ ಮೇಲೆಯೇ ಇರುವ ಮೊಟ್ಟೆಯೊಳಗಿಂದ, ಯಾರೋ ಸಣ್ಣಗೆ ಕುಟ್ಟುತ್ತಿದ್ದಾರೆ. ಭವ್ಯ ಇನ್ನೂ ಎದ್ದಿಲ್ಲ. ಕರೆಂಟಿಗೆ ಕಾಯುವ ಕಾಲ ನನಗೆ ಮುಗಿಯಿತು. ಈಗ ಅವಳ ದಾರಿ ಕಾಯುತ್ತಿದ್ದೇನೆ.