ಅವ್ವನ ದಬ್ಬಳ

ಹೆಣ ತೊಳೆಯಲು ನೀರು ತರಹೋದವರು ಮರಳುವ ಮೊದಲೇ ಡೀಬೊ ಸತ್ತ ಸವತಿ ಕೂಲುವಿನ ತಲೆಯಡಿ, ಚಾಪೆಯ ಕೆಳಗೆ ಕೈ ತೂರಿಸಿದಳು. ಅವಳ ತೊಗಲುಚೀಲ ಅಲ್ಲಿರಲಿಲ್ಲ.

"ಏನ್ ಹುಡುಕ್ತಿದ್ದೀಯಕ್ಕ?" ಬಾಗಿಲಲ್ಲಿ ಪಕ್ಕದ ಮನೆಯ ಮೈಮು.

"ಗದ್ದ ಕಟ್ಟೋಕೆ ಬಟ್ಟೆ."

"ಕಟ್ಟಿ ಆಯ್ತಲ್ಲ."

ಡೀಬೊ ಕೈ ಹಿಂದಕ್ಕೆಳೆದುಕೊಂಡಳು.

ತಿಲ್ಲಾಬೇರಿಯ ಆ ಕೇರಿಯಲ್ಲಿ ಯಾವ ಮುದುಕಿ ಸತ್ತರೂ ಕೂಲು ಬಟ್ಟೆ ಬಳೆ ಕೇಳಿದವಳಲ್ಲ. "ಅಜ್ಜಿ ದಬ್ಬಳ ಬಿಸಾಡ್ಬೇಡಿ, ನಂಗೆ ಕೊಡಿ," ಅನ್ನುತ್ತಿದ್ದಳು. ಅವುಗಳಿಂದಲೇ ಎಲ್ಲರ ಒಡೆದ ಸೋರೆಬುರುಡೆಗಳಿಗೆ ತೂತು ಕೊರೆದು, ನಾರು ಪೋಣಿಸಿ ಹೊಲಿದುಕೊಡುತ್ತಿದ್ದಳು. ಡೀಬೊ ಮಾತ್ರ ತನ್ನ ಸೋರೆಬುರುಡೆ ಸೀಳಿದರೆ ಒಲೆಗೆ ಹಾಕಿ ಹೊಸದು ಕೊಳ್ಳುತ್ತಿದ್ದಳು. ಕೂಲು ದಬ್ಬಳಗಳನ್ನಿಡುತ್ತಿದ್ದ ಆ ತೊಗಲುಚೀಲದಲ್ಲಿ ಡೀಬೊಳ ಅವ್ವನ ದಬ್ಬಳವೂ ಇತ್ತು.

*

ಕೂಲು ಮದುವೆಯಾಗಿ ಬಂದ ವರ್ಷ ಡೀಬೊಳ ಅವ್ವ ಮಗಳನ್ನು ನೋಡಲೆಂದು ಹೊಳೆ ದಾಟಿ ಬಂದಿದ್ದಳು. ಡೀಬೊ ಅಂಗಳದಲ್ಲಿ ಸಜ್ಜೆ ಕುಟ್ಟುತ್ತಿದ್ದರೆ, ಅವ್ವ ಕೂಲುವಿನ ಭುಜಕ್ಕೆ ಭುಜ ತಾಗಿಸಿ ಕೂತು ಹೊಲಿಗೆ ತೋರಿಸುತ್ತಿದ್ದಳು. ಇಬ್ಬರೂ ಏನಕ್ಕೋ ನಕ್ಕರು. ಡೀಬೊ ಒನಕೆಯ ಪೆಟ್ಟು ಜೋರು ಮಾಡಿದಳು. ಹೊರಡುವಾಗ ಅವ್ವ ಕರಿಮರದ ಹಿಡಿಯ ತನ್ನ ದಬ್ಬಳವನ್ನು ಕೂಲುವಿನ ಅಂಗೈಗಿಟ್ಟಳು.

"ನಾನಿನ್ನೂ ಬದುಕಿದ್ದೀನಲ್ಲವ್ವ," ಎಂದಳು ಡೀಬೊ.

"ಒಂದ್ಕಡೆ ಕೂರೋ ತಾಳ್ಮೆ ನಿಂಗೆಲ್ಲಿದೆ ಮಗಳೆ? ಅವಳ ಕೈ ಚೆನ್ನಾಗಿದೆ."

ಗಂಡನನ್ನು ಹಂಚಿಕೊಳ್ಳುವುದು ಡೀಬೊಗೆ ಗೊತ್ತಿತ್ತು, ಅದಕ್ಕೊಂದು ಸರದಿಯಿತ್ತು. ಅವ್ವನಿಗೆ ಸರದಿ ಇರಲಿಲ್ಲ.

*

ಗಂಡಸರು ಹೆಣ ಹೊತ್ತು ಹೋದ ಮೇಲೆ ಹೆಂಗಸರು ಚಾಪೆಗಳ ಮೇಲೆ ಉಳಿದರು. ಕೂಲುವಿನ ಮಗಳು ಗಂಬಿ ಸೊಂಟದಿಂದ ಚೀಲ ಬಿಚ್ಚಿದಳು.

"ಯಾರ ಮನೇದು ಅವರಿಗೆ ಕೊಟ್ಬಿಡು ಅಂದಿದ್ಳು ಅಮ್ಮ."

ಮೈಮು ತನ್ನ ಅತ್ತೆಯ ಮೊಂಡು ದಬ್ಬಳವನ್ನು ಎದೆಗೊತ್ತಿಕೊಂಡಳು. "ಇದರಲ್ಲೇ ಚುಚ್ತಿದ್ಳು ಮುದುಕಿ ನಂಗೆ," ಎಂದು ಅಳುತ್ತಲೇ ನಕ್ಕಳು.

"ದೊಡ್ಡಮ್ಮ, ಇದು ನಿಮ್ದು," ಎಂದು ಗಂಬಿ ಕರಿಮರದ ಹಿಡಿಯ ದಬ್ಬಳವನ್ನು ಡೀಬೊಳ ಕೈಗಿಟ್ಟಳು.

"ಡೀಬೊಗೆ ದಬ್ಬಳವಾ? ಬೋಳುತಲೆಗೆ ಬಾಚಣಿಗೆ," ಎಂದಳು ಮೈಮು. ಒಂದಿಬ್ಬರು ಸೆರಗಿನೊಳಗೆ ನಕ್ಕರು.

ಹಿಡಿಯಲ್ಲಿ ಹೆಬ್ಬೆರಳು ಸವೆಸಿದ ಗುಳಿಯಿತ್ತು. ಅವ್ವನದೋ, ಕೂಲುವಿನದೋ. ಡೀಬೊಳ ಬೆರಳು ಅದರಲ್ಲಿ ಕೂರಲಿಲ್ಲ.

ಗೋಡೆಯ ಬುಡದಲ್ಲಿ ಮೈಮುವಿನ ಹಾಲಿನ ಬುರುಡೆಯಿತ್ತು. ಕೂಲು ಅರ್ಧ ಹೊಲಿದು ಬಿಟ್ಟದ್ದು. ಡೀಬೊ ಅದನ್ನು ತೊಡೆಗೆಳೆದುಕೊಂಡಳು.

"ಮಿಕ್ಕಿದ್ದು ನಾನು ಹೊಲೀತೀನಿ."

"ಮೊದಲು ನೆನೆಸ್ಬೇಕಕ್ಕ. ಒಣಗಿದ್ದಕ್ಕೆ ಚುಚ್ಚಬಾರ್ದು."

"ನಮ್ಮವ್ವನ ದಬ್ಬಳ ಇದು. ನಂಗೆ ಹೇಳ್ಕೊಡೋಕೆ ಬರ್ಬೇಡ."

ಅವಳು ಒತ್ತಿದಳು. ಬುರುಡೆ ಲಟಕ್ಕೆಂದಿತು, ಸೀಳು ಅತ್ತಲಿನ ಅಂಚಿನವರೆಗೂ ಓಡಿತು. ಯಾರೂ ನಗಲಿಲ್ಲ. ಎರಡು ಹೋಳುಗಳು ಕೂಲು ಹಾಕಿದ್ದ ಹೊಲಿಗೆಯಲ್ಲಿ ಮಾತ್ರ ಹಿಡಿದು ಜೋತಾಡುತ್ತಿದ್ದವು.

ಡೀಬೊ ಬುರುಡೆಯನ್ನು ಬಾಯಿಗೆ ತಂದು ಆ ಹೊಲಿಗೆಯ ನಾರನ್ನು ಹಲ್ಲಿನಿಂದ ಕಡಿಯತೊಡಗಿದಳು. ನಾರು ತುಂಡಾಗಲಿಲ್ಲ.